ಕಾಕಾನ ಮುಖದಲ್ಲಿ ಗುಳ್ಳೆ ಎದ್ದ ಬೇಸಿಗೆ

ಮೊನ್ನೆ ಸಪ್ತಾಪುರದ ನಮ್ಮ ಓಣಿಯಲ್ಲಿ ಕರೆಂಟಿನವರು ತಂತಿಗೆ ತಾಗುವ ಟೊಂಗೆಗಳನ್ನು ಕಡಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಇದ್ದದ್ದೇ. ಬೇವಿನ ಮರ ಅರ್ಧ ಬೋಳಾಯಿತು. ಸೊಪ್ಪು ರಸ್ತೆ ತುಂಬ ಬಿದ್ದು, ಅದರ ಮೇಲೆ ಹುಡುಗರ ಬೈಕುಗಳು ಓಡಾಡಿ, ಕಹಿ ವಾಸನೆ ಮೇಲಿನ ಮನೆಯವರೆಗೂ ಹತ್ತಿತು. ಪಕ್ಕದ ಮನೆಯವರು "ಛಲೋ ಆತು ಬಿಡ್ರಿ, ಸೊಳ್ಳಿ ಕಾಟರೆ ತಪ್ಪತೈತಿ" ಅಂದರು. ನಾನು ಹೂಂ ಅಂದು ಒಳಗೆ ಬಂದು ಕಿಟಕಿ ಮುಚ್ಚಿಕೊಂಡೆ. ನನಗೆ ಆ ವಾಸನೆ ಆಗುವುದಿಲ್ಲ. ಕಾಕಾ ತೀರಿಕೊಂಡದ್ದು ಶ್ರಾವಣದಲ್ಲಿ. ಅದಕ್ಕೆ ಹಿಂದಿನ ಬೇಸಿಗೆಯನ್ನು ನಾವೆಲ್ಲ ಈ ವಾಸನೆಯಲ್ಲೇ ಕಳೆದೆವು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ವಾಲ್ವಿನ ಭಾಗಗಳನ್ನು ಕಡೆಯುವ ಕೆಲಸ. ಯಂತ್ರದ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನನ್ನ ಕಾಲೇಜು ಮುಗಿಯುವ ತನಕ ನಾನು ಇದ್ದದ್ದು ಕಮರಿಪೇಟೆಯ ಅವರ ಎರಡು ಖೋಲಿಯ ಮನೆಯಲ್ಲಿ. ಅವರಿಗೂ ಅವರ ಹೆಂಡತಿ ಕಾಕುವಿಗೂ ಮಕ್ಕಳಿರಲಿಲ್ಲ. ಸಂಜೆ ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ "ಸುಮೀ, ಊಟಾ ಮಾಡಿದ್ಯೋ ಇಲ್ಲೋ" ಅನ್ನುವ ಅವರ ಕೂಗು ಓಣಿಯ ಆ ತುದಿಯಿಂದ ಬರುತ್ತಿತ್ತು. ಓಣಿಯವರಿಗೆಲ್ಲ ನನ್ನ ಊಟದ ಲೆಕ್ಕ ಗೊತ್ತಿತ್ತು.

ತಂಬಾಕು ಅವರ ಎಡಗೆನ್ನೆಯಲ್ಲಿ ಯಾವಾಗಲೂ ಇರುತ್ತಿತ್ತು. ಬಿಡಿರಿ ಅಂದರೆ ನಗುತ್ತಿದ್ದರು. "ಬೀಡಿ ಸೇದಾಕ ಕೈ ಬೇಕವಾ. ಮಷಿನ್ ಮುಂದ ನಿಂತಾವಗ ಕೈ ಎಲ್ಲಿ ಖಾಲಿ ಇರ್ತಾವ? ಇದಕ್ಕ ಕೈ ಬೇಕಾಗೂದಿಲ್ಲ." ಆ ಕೆನ್ನೆಯ ಒಳಗೇ ಬಿಳಿ ಕಲೆ ಎದ್ದು, ಬಾಯಿ ತೆರೆಯುವುದು ಕಷ್ಟವಾಗಿ, ಕೊನೆಗೆ ಅದು ಕ್ಯಾನ್ಸರ್ ಎಂದಾಯಿತು. ಕೆನ್ನೆಯ ಒಂದು ಭಾಗ, ದವಡೆಯ ತುಂಡು ತೆಗೆದರು. ಕಿರಣ ಚಿಕಿತ್ಸೆಯೂ ಆಯಿತು. ಒಂದು ವರ್ಷ ಕಳೆಯುವುದರೊಳಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಅಷ್ಟು ದೊಡ್ಡ ದನಿಯ ಮನುಷ್ಯ ಈಗ ಮಾತಾಡಿದರೆ ಹತ್ತಿರ ಕಿವಿ ಇಟ್ಟು ಕೇಳಬೇಕಿತ್ತು.

ಆಗ ನಾನು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮಾಡುತ್ತಿದ್ದದ್ದು ಏನನ್ನು ಅಂದರೆ, ನಗಬೇಡಿ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಕೋಶಗಳು ಸಾಯದೆ ಉಳಿಯುವುದು ಹೇಗೆ ಎಂಬುದನ್ನು. ನಾನು ಆ ವಿಷಯ ಹಿಡಿದಾಗ ಕಾಕಾನ ಬಾಯಿ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಓಣಿಯಲ್ಲಿ ಯಾರು ನಂಬುತ್ತಾರೆ? "ಕಾಕಾನ ಸಲುವಾಗಿ ಸುಮಿ ಔಷಧ ಹುಡುಕಾಕತ್ತಾಳ" ಅಂತ ಕಾಕು ಎಲ್ಲರಿಗೂ ಹೇಳಿದ್ದಳು. ನಾನು ಎಷ್ಟು ಸಲ ತಿದ್ದಿದರೂ ಅವಳು ತಿದ್ದಿಕೊಳ್ಳಲಿಲ್ಲ.

ನಮ್ಮ ಮೈಯ ಜೀವಕೋಶಗಳು ತಮ್ಮಷ್ಟಕ್ಕೆ ತಾವು ಬದುಕುವುದಿಲ್ಲ. ಇರು, ಬೆಳೆ ಎಂಬ ಸುದ್ದಿ ಅವಕ್ಕೆ ಹೊರಗಿನಿಂದ ಬರುತ್ತಲೇ ಇರಬೇಕು. ಆ ಸುದ್ದಿ ತರುವ ಪ್ರೋಟೀನುಗಳಿಗೆ ಬೆಳವಣಿಗೆ ಅಂಶ ಅನ್ನುತ್ತೇವೆ. ಕೋಶದ ಮೇಲ್ಮೈಯಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಹಿಡಿದುಕೊಂಡ ಕೂಡಲೇ ಒಳಗೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟುತ್ತ ಹೋಗಿ, ಕೋಶದೊಳಗೇ ಇರುವ ಸಾವಿನ ಏರ್ಪಾಡನ್ನು ತಡೆದು ನಿಲ್ಲಿಸುತ್ತದೆ. ಸುದ್ದಿ ನಿಂತರೆ ಒಳ್ಳೆಯ ಕೋಶ ಸದ್ದಿಲ್ಲದೆ ಸಾಯುತ್ತದೆ. ಬಾಯಿಯ ಕ್ಯಾನ್ಸರ್ ಕೋಶ ಹಾಗಲ್ಲ. ಅದು ಮೈತುಂಬ ಗ್ರಾಹಕಗಳನ್ನು ಹೊತ್ತುಕೊಂಡು ಕೂತಿರುತ್ತದೆ, ಎಷ್ಟೋ ಸಲ ಆ ಸುದ್ದಿಯನ್ನೂ ತಾನೇ ತಯಾರಿಸಿ ತನಗೇ ಹೇಳಿಕೊಳ್ಳುತ್ತದೆ. ನಮ್ಮ ಲ್ಯಾಬಿನಲ್ಲಿ ಕೋಶಗಳಿಗೆ ಕರುವಿನ ಸೀರಮ್ ಹಾಕದೆ ಉಪವಾಸ ಕೆಡವುತ್ತಿದ್ದೆವು. ಒಳ್ಳೆಯವು ಮುದುಡಿಕೊಳ್ಳುತ್ತಿದ್ದವು. ಕ್ಯಾನ್ಸರಿನವು ಮಾತ್ರ ಮರುದಿನವೂ ತಟ್ಟೆಗೆ ಅಂಟಿಕೊಂಡು ಆರಾಮಾಗಿ ಇರುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು.

ಈ ಗ್ರಾಹಕಕ್ಕೆ ಅಡ್ಡ ಕೂತು ಸುದ್ದಿ ಮುಟ್ಟದಂತೆ ಮಾಡುವ ಔಷಧವಿದೆ. ವಾರಕ್ಕೊಮ್ಮೆ ರಕ್ತನಾಳಕ್ಕೆ ಏರಿಸುತ್ತಾರೆ. ಆ ವರ್ಷ ಫಾಲ್ಗುಣದ ಬಿಸಿಲಿನಲ್ಲಿ ಕಾಕಾನಿಗೆ ಕಿಮೋ ಜೊತೆಗೆ ಅದನ್ನೂ ಶುರು ಮಾಡಿದರು. ಲ್ಯಾಬಿನಲ್ಲಿ ನಾನು ಕೋಶಗಳಿಗೆ ಹಾಕುತ್ತಿದ್ದ ಔಷಧವೇ ಕಾಕಾನ ತೋಳಿಗೂ ಇಳಿಯುತ್ತಿದ್ದದ್ದನ್ನು ನೋಡಿ ನನಗೆ ಮೊದಲ ಸಲ ನನ್ನ ಓದಿನ ಬಗ್ಗೆ ಹೆಮ್ಮೆ ಅನ್ನಿಸಿತು. ಡಾಕ್ಟರು ವಿಜಯಪುರದ ಕಡೆಯ ಹೆಣ್ಣುಮಗಳು, ನನಗಿಂತ ಸ್ವಲ್ಪ ದೊಡ್ಡವರು. ಕಾಕುಗೆ ತಿಳಿಯುವಂತೆ ಹೇಳಿದರು. "ನಮ್ಮ ಚರ್ಮಕ್ಕೂ ಅದ ಸುದ್ದಿ ಬೇಕಾಗಿರ್ತೈತ್ರಿ. ಔಷಧ ಅದನ್ನೂ ತಡೀತೈತಿ. ಅದಕ್ಕ ಮಾರಿ ಮ್ಯಾಲೆ, ಎದಿ ಮ್ಯಾಲೆ ಗುಳ್ಳಿ ಏಳ್ತಾವ. ಹೆದರಬ್ಯಾಡ್ರಿ. ಗುಳ್ಳಿ ಎದ್ರ ಔಷಧ ನಾಟೇತಿ ಅಂತ ತಿಳ್ಕೋರಿ." ಕಾಕು ತಲೆ ಆಡಿಸಿದಳು. ನಾನೂ ಮನೆಗೆ ಬಂದು ಅದನ್ನೇ ಇನ್ನೊಮ್ಮೆ ಹೇಳಿದೆ.

ಕುತ್ತಿಗೆಯ ಗಂಟು ಇಳಿಯತೊಡಗಿತು. ಅಂಗಿಯ ಕಾಲರಿನ ಗುಂಡಿ ಹಾಕಿಕೊಳ್ಳಲು ಬಂದ ದಿನ ಕಾಕಾ ಕನ್ನಡಿಯ ಮುಂದೆ ನಿಂತು ನನ್ನನ್ನು ಕರೆದು ತೋರಿಸಿದರು. ಒಂದು ಕಡೆ ಇಲ್ಲದ ಕೆನ್ನೆಯಲ್ಲೇ ನಕ್ಕರು. ಆಮೇಲೆ ಗುಳ್ಳೆಗಳೂ ಎದ್ದವು.

ಆ ವಾರ ನನಗೆ ಲ್ಯಾಬ್ ಬಿಡಲು ಆಗಲಿಲ್ಲ. ಭಾನುವಾರ ಧಾರವಾಡದಿಂದ ಬಸ್ಸಿನಲ್ಲಿ ಬಂದು ಓಣಿಗೆ ತಿರುಗಿದರೆ ಕಾಕಾನ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದರು. ಅದರ ಅರ್ಥ ಹೇಳಬೇಕಾಗಿಯೇ ಇಲ್ಲ. ಮನೆಯಲ್ಲಿ ಯಾರಿಗೋ ಅಮ್ಮ ಬಂದಿದ್ದಾಳೆ. ಆಗ ಓಣಿಯಲ್ಲಿ ಒಂದಿಬ್ಬರು ಮಕ್ಕಳಿಗೆ ಆಗಿತ್ತು ಕೂಡ, ಬೇಸಿಗೆಯಲ್ಲಿ ಅದೇನು ಹೊಸದಲ್ಲ. ಕಾಕಾನ ಹಣೆ, ಮೂಗು, ಎದೆ ತುಂಬ ಕೆಂಪಗೆ ಗುಳ್ಳೆ, ಕೆಲವು ಕೀವು ತುಂಬಿದ್ದವು. ಜೊತೆಗೆ ಸ್ವಲ್ಪ ಜ್ವರ. ನೋಡಿದವರು ಯಾರಾದರೂ ಹಾಗೆಯೇ ತಿಳಿಯಬೇಕು. ಡಾಕ್ಟರು ನಾಲ್ಕು ಗುಳ್ಳೆ ಅಂದಿದ್ದರೇ ಹೊರತು ಹೀಗೆ ಅನ್ನಲಿಲ್ಲ ಅಂತ ಕಾಕು ಆಮೇಲೆ ಹೇಳಿದಳು.

"ತಾಯಿ ಬಂದಾಳ" ಅಂದಳು ಕಾಕು, ನನ್ನ ಕಾಲಿಗೆ ಚೊಂಬಿನ ನೀರು ಹಾಕುತ್ತ.

"ಕಾಕು, ಅದು ಔಷಧದ ಗುಳ್ಳಿರಿ! ಡಾಕ್ಟರು ಹೇಳಿರಲಿಲ್ಲೇನು?"

"ಸುಮಿ, ಮೆಲ್ಲಕ." ಅವಳು ತುಟಿಯ ಮೇಲೆ ಬೆರಳಿಟ್ಟಳು. "ಮನ್ಯಾಗ ಆಕಿ ಇದ್ದಾಗ ದನಿ ಏರಸಬಾರದು."

ಇದು ನಿಯಮ. ಅಮ್ಮ ಇದ್ದ ಮನೆಯಲ್ಲಿ ಜಗಳವಾಡಬಾರದು, ಗದರಬಾರದು, ಒಗ್ಗರಣೆ ಹಾಕಬಾರದು, ರೋಗ ಅನ್ನಬಾರದು, ಔಷಧ ಅಂತೂ ಮುಟ್ಟಿಸಲೇಬಾರದು. ಹಾಗಾಗಿ ನನ್ನ ಜೀವನದ ಅತಿ ದೊಡ್ಡ ಜಗಳವನ್ನು ನಾನು ಪಿಸುಮಾತಿನಲ್ಲಿ ಆಡಿದೆ. ಅಡುಗೆಮನೆಯ ಮೂಲೆಯಲ್ಲಿ ಕೂತು, ಗ್ರಾಹಕದಿಂದ ಹಿಡಿದು ಚರ್ಮದವರೆಗೆ, ಗುಟ್ಟು ಹೇಳುವವಳಂತೆ ಕಾಕುವಿನ ಕಿವಿಯಲ್ಲಿ ಹೇಳಿದೆ. ಪಿಸುಮಾತಿನಲ್ಲಿ ಯಾವ ವಿಜ್ಞಾನಕ್ಕೂ ತೂಕ ಇರುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಕಾಕು ಎಲ್ಲ ಕೇಳಿದಳು. ಆಮೇಲೆ ಅಂದಳು: "ನನ್ನ ತಮ್ಮಗ ಹಿಂಗ ಆಗಿತ್ತು. ನಮ್ಮಪ್ಪ ಸೂಜಿ ಹಾಕಿಸ್ಕೊಂಡು ಬಂದ. ಗುಳ್ಳಿ ಇಳದ್ವು, ತಾಯಿ ಒಳಗ ಉಳದ್ಲು. ಹುಡುಗ ಉಳೀಲಿಲ್ಲ. ನಾ ಅವನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಿದ್ನೆವಾ. ನೀ ಅಷ್ಟು ಓದೀದಿ, ನಾ ನಿನ್ನ ಮಾತು ಸುಳ್ಳ ಅನ್ನೂದಿಲ್ಲ. ಔಷಧ ಬ್ಯಾಡ ಅಂತನೂ ಅನ್ನಾಕತ್ತಿಲ್ಲ. ಆಕಿ ಹೋಗಲಿ, ನೀರು ಹಾಕೂಣು, ಆಮ್ಯಾಲೆ ಹೋಗೂಣು."

ಅವಳು ಇಲ್ಲ ಅಂದಿದ್ದರೆ ನಾನು ಹೋರಾಡುತ್ತಿದ್ದೆ. ಆಮೇಲೆ ಅನ್ನುವವರ ಜೊತೆ ಹೋರಾಡುವುದು ಹೇಗೆ?

ಡಾಕ್ಟರಿಗೆ ಫೋನ್ ಹಚ್ಚಿ ಕಾಕುವಿನ ಕೈಗೆ ಕೊಟ್ಟೆ. ಅವರು ತಾಳ್ಮೆಯಿಂದ ಹೇಳಿದರು, ಆಮೇಲೆ ಸ್ವಲ್ಪ ಗಟ್ಟಿಯಾಗಿಯೂ ಹೇಳಿದರು. ಕಾಕು ಪ್ರತಿ ಮಾತಿಗೂ "ಹೌದ್ರಿ ಬಾಯಾರ, ಖರೇರಿ" ಅಂದಳು. ಫೋನ್ ಇಟ್ಟು ಬೇವಿನ ತಪ್ಪಲನ್ನು ಕಾಕಾನ ಹಾಸಿಗೆಯ ಕೆಳಗೆ ಇನ್ನಷ್ಟು ಹರಡಿದಳು.

ಉಳಿದದ್ದು ಕಾಕಾ ಒಬ್ಬರೇ. ಅವರ ತಲೆಯ ಹತ್ತಿರ ಕೂತು, "ನೀವರೆ ಹೇಳ್ರಿ ಕಾಕಾ, ನಾಳೆ ಹೋಗಿ ಬರೂಣು" ಅಂದೆ. ಆ ಹೊತ್ತಿಗೆ ಅವರಿಗೆ ಮಾತೆಂದರೆ ಕೆಲಸ. "ನಿನ್ನ ಮಾತು ಖರೇ ಇದ್ದೀತು ಸುಮಿ" ಅಂದರು, ಒಂದೊಂದೇ ಪದ ಎತ್ತಿ ಇಟ್ಟಂತೆ. "ಆದ್ರ ನಿನ್ನ ಕಾಕು ದಿನಾ ನನ್ನ ಬಾಯಿ ತೊಳಿಯಾಕಿ. ಆಕಿ ಅಂಜಿಕೊಂಡು ಕುಂತ್ರ ನಾ ಹೆಂಗ ಮಕ್ಕೊಳ್ಲಿ? ಇರ್ಲಿ. ನಾಲ್ಕು ದಿನ."

ನನಗೆ ಸಹಿಸಲಾಗದ ವಿಷಯ ಇನ್ನೊಂದಿದೆ. ಆ ದಿನಗಳಲ್ಲಿ ಕಾಕಾ ನಿಜವಾಗಿಯೂ ಸುಖವಾಗಿದ್ದರು. ಅಮ್ಮ ಬಂದವರಿಗೆ ಏನೇನು ಉಪಚಾರವೋ ಅದೆಲ್ಲ ಅವರ ಸುಟ್ಟ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ತಣ್ಣನೆ ಮೊಸರನ್ನ, ಎಳನೀರು, ಖಾರವಿಲ್ಲ, ಬಿಸಿಯಿಲ್ಲ. ನೋಡಲು ಬಂದು ಅಳುವ ನೆಂಟರಿಲ್ಲ. ಆಸ್ಪತ್ರೆಯ ಬೆಂಚಿಲ್ಲ, ಸೂಜಿಯಿಲ್ಲ, ವಾಂತಿಯಿಲ್ಲ. ಕಾಕು ಹಿತ್ತಲ ಬಾಗಿಲು ತೆರೆದಿಟ್ಟು ಬೇವಿನ ಟೊಂಗೆಯಿಂದ ಮೆಲ್ಲಗೆ ಗಾಳಿ ಬೀಸುತ್ತಿದ್ದಳು. ಗುಳ್ಳೆ ತುರಿಸಿದಲ್ಲಿ ಸೊಪ್ಪಿನಿಂದಲೇ ಸವರುತ್ತಿದ್ದಳು. ಅವರು ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದರು. ನಾನು ಇದನ್ನು ನಿಲ್ಲಿಸಲು ಬಂದವಳು. ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ.

ಧಾರವಾಡಕ್ಕೆ ಹೋದರೆ ಅಲ್ಲಿಯೂ ಬಿಡುಗಡೆಯಿರಲಿಲ್ಲ. ಔಷಧ ಕೊಟ್ಟ ಕೋಶಗಳನ್ನು ತೊಳೆದು, ಔಷಧವಿಲ್ಲದ ಹೊಸ ದ್ರಾವಣ ಹಾಕಿದರೆ ಏನಾಗುತ್ತದೆ ಎಂದು ನೋಡುವ ಕೆಲಸ ಆಗ ನನ್ನ ಪಾಲಿಗೆ ಬಂದಿತ್ತು. ಗ್ರಾಹಕ ಎಚ್ಚರವಾಗಿದೆಯೋ ಇಲ್ಲವೋ ಎಂಬುದು ಫಿಲ್ಮಿನ ಮೇಲೆ ಕಪ್ಪು ಪಟ್ಟಿಯಾಗಿ ಬೀಳುತ್ತದೆ. ಔಷಧ ಇರುವ ತನಕ ಪಟ್ಟಿ ಇಲ್ಲ. ತೊಳೆದ ಮೇಲೆ ಮಸುಕಾಗಿ ಕಾಣಿಸುತ್ತದೆ, ಆಮೇಲೆ ದಟ್ಟವಾಗುತ್ತದೆ. ಸುದ್ದಿ ಮತ್ತೆ ಒಳಗೆ ಹೋಗತೊಡಗಿದೆ ಎಂದರ್ಥ. ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನಿಂತಾಗ ನನಗೆ ಕಮರಿಪೇಟೆಯ ಆ ಮಂಚ ಕಾಣುತ್ತಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ನಾನು ಮಾಡಬಹುದಾದದ್ದು ಮುಂದಿನ ಬಸ್ಸು ಹಿಡಿದು ಹೋಗಿ ಮತ್ತೆ ಪಿಸುಗುಟ್ಟುವುದು, ಅಷ್ಟೇ.

ಗುಳ್ಳೆ ಬಾಡತೊಡಗಿದವು. ಬಾಡಲೇಬೇಕಲ್ಲ, ಮೈಯಿಂದ ಔಷಧ ಇಳಿಯುತ್ತಿತ್ತು. ಮೊದಲು ಎದೆಯ ಮೇಲಿನವು, ಆಮೇಲೆ ಹಣೆಯವು. ಕಾಕು ಪ್ರತಿ ಸಲವೂ ನನ್ನನ್ನು ಕರೆದು ತೋರಿಸುತ್ತಿದ್ದಳು: "ನೋಡು, ಆಕಿ ಹೊಂಟಾಳ." ಅವಳು ಕಾಕಾನ ಮುಖ ನೋಡುತ್ತಿದ್ದಳು, ನಾನು ಕುತ್ತಿಗೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕಾಲರಿನ ಗುಂಡಿಯನ್ನು ಕಾಕಾ ಹಾಕಿಕೊಳ್ಳಲಿಲ್ಲ. ಸೆಕೆ ಅಂದರು.

ಗುಳ್ಳೆ ಪೂರ್ತಿ ಒಣಗಿದ ಮೇಲೆ ಒಂದು ಮಂಗಳವಾರ ಬೇವಿನ ನೀರು ಕಾಯಿಸಿ ತಲೆಗೆ ಹಾಕಿದರು. ಮೊಸರನ್ನ ಎಡೆ ಮಾಡಿದರು. ನೀರು ಹಾಕಿದ ಮೇಲೆ ಆಸ್ಪತ್ರೆಗೆ ಎಂದು ನಾನು ಮಾತು ತೆಗೆದುಕೊಂಡಿದ್ದೆ. ಕಾಕು ಮಾತಿಗೆ ತಪ್ಪಲಿಲ್ಲ. ಮರುದಿನವೇ ಆಸ್ಪತ್ರೆಗೆ ಹೊರಟು ನಿಂತಳು. ಡಾಕ್ಟರು ಬೈಯಲಿಲ್ಲ. ಕುತ್ತಿಗೆ ಮುಟ್ಟಿ ನೋಡಿ, ಗಂಟಿನ ಅಳತೆ ತೆಗೆದು, ಔಷಧ ಮತ್ತೆ ಶುರು ಮಾಡಿದರು. ಹೊರಗೆ ಬಂದು ನನಗೊಬ್ಬಳಿಗೇ ಅಂದರು: "ಈ ಸಲ ಗುಳ್ಳಿ ಎದ್ರ ಅವ್ರಿಗೆ ಮೊದಲ ತಿಳಿಸಿ ಹೇಳ್ರಿ. ನಿಲ್ಲಸಾಕ ಬಿಡಬ್ಯಾಡ್ರಿ."

ಹೇಳಲು ನಾನು ತಯಾರಾಗಿದ್ದೆ. ಒಂದು ವಾರ ಕಾದೆ. ಎರಡನೇ ಸಲ ಔಷಧ ಏರಿಸಿದರು, ಮೂರನೇ ಸಲವೂ ಆಯಿತು. ಗುಳ್ಳೆ ಏಳಲಿಲ್ಲ.

ಕಾಕುವಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವಳು ಮಾಡಿದ್ದು ತಾಯಿಗೆ ಒಪ್ಪಿಗೆಯಾಗಿತ್ತು. ಸೂಜಿಯನ್ನೂ ತಡೆದುಕೊಳ್ಳುವ ಶಕ್ತಿ ಕೊಟ್ಟು ಹೋಗಿದ್ದಳು. "ನಿನ್ನ ಮಾತೂ ನಡೀತು, ನನ್ನ ಮಾತೂ ನಡೀತು" ಅಂತ ನನ್ನ ಗಲ್ಲ ಹಿಡಿದಳು. ನಾನು ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ ಡಾಕ್ಟರು ಕಾಕಾನ ಹಣೆಯನ್ನು ಹತ್ತಿರದಿಂದ ನೋಡುವುದನ್ನು ನೋಡಿದ್ದೆ. ಹೆಬ್ಬೆರಳಿನಿಂದ ಸವರಿ ನೋಡಿ, "ಇನ್ನೊಂದು ಸಲ ನೋಡೂಣ್ರಿ" ಅಂದಿದ್ದರು. ನಡುವೆ ನಿಲ್ಲಿಸಿದ್ದಕ್ಕೇ ಔಷಧ ಈಗ ನಾಟುತ್ತಿಲ್ಲವೇ ಅಂತ ಕೇಳಿದೆ. "ಹಂಗ ಹೇಳಾಕ ಬರೂದಿಲ್ಲ. ನಿಲ್ಲಸದಿದ್ರೂ ಕೆಲವ್ರಿಗೆ ಇಷ್ಟ ದಿನಕ್ಕ ಕೆಲಸ ಬಿಡತೈತಿ" ಅಂದರು. ಅಂದರೆ ಕಾಕುವಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿರಲಿಲ್ಲ.

ಕೆಲಸ ಬಿಡುವುದು ಹೇಗೆ ಎಂದು ನನ್ನ ತಟ್ಟೆಯಲ್ಲೇ ಕಾಣುತ್ತಿತ್ತು. ಔಷಧ ಹಾಕಿದ ಮೇಲೆ ಬಹುಪಾಲು ಕೋಶಗಳು ಸತ್ತು ತೇಲುತ್ತಿದ್ದವು. ಅಲ್ಲೊಂದು ಇಲ್ಲೊಂದು ಉಳಿಯುತ್ತಿದ್ದವು. ಅವು ಮುಚ್ಚಿದ ಗ್ರಾಹಕದ ಗೊಡವೆಗೆ ಹೋಗದೆ, ಬೇರೆ ಗ್ರಾಹಕದಿಂದ ಅದೇ ಸುದ್ದಿ ಒಳಗೆ ತರಿಸಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ತಟ್ಟೆ ಮತ್ತೆ ತುಂಬಿತು, ಔಷಧದ ನಡುವೆಯೇ. ನನ್ನ ಮಾರ್ಗದರ್ಶಕರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, "ಭಾಳ ಛಲೋ ಬಂದಾವ ನೋಡವಾ. ನಿನ್ನ ಪ್ರಬಂಧದಾಗ ಒಂದು ಅಧ್ಯಾಯ ಆತು" ಅಂದರು. ಅವರಿಗೆ ಕಾಕಾನ ವಿಷಯ ಗೊತ್ತಿರಲಿಲ್ಲ. ನಾನು ಥ್ಯಾಂಕ್ಸ್ ಸರ್ ಅಂದು ಬಾತ್‌ರೂಮಿಗೆ ಹೋಗಿ ಅತ್ತೆ.

ಮೃಗಶಿರಾ ಮಳೆ ಬಿತ್ತು. ಕಮರಿಪೇಟೆಯ ಗಟಾರು ತುಂಬಿ ಓಣಿಗೆ ಹರಿಯಿತು. ಕಾಕಾ ಈಗ ಎದ್ದು ಕೂರುತ್ತಿದ್ದದ್ದು ಕಡಿಮೆ. ಒಂದು ಶುಕ್ರವಾರ ಕಾಕು ತಾಟಿನಲ್ಲಿ ಉಡಿಯ ಸಾಮಾನು ಜೋಡಿಸಿದಳು. ಹಸಿರು ಖಣ, ಅಕ್ಕಿ, ಒಣಕೊಬ್ಬರಿ, ಅರಿಶಿನ ಕೊಂಬು, ಎಲೆ ಅಡಿಕೆ, ಬಳೆ. ತಾಯಿ ಹೋದ ಮೇಲೆ ಅವಳ ಉಡಿ ತುಂಬಬೇಕು, ಅದು ಬಾಕಿ ಉಳಿದಿತ್ತು. ಆದರೆ ಕಾಕಾನನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ.

"ನೀನ ಹೋಗಿ ಬಾರವಾ" ಅಂದಳು. "ಉಡಿ ತುಂಬಿ, ಕೈ ಮುಗದು, ಸಮಾಧಾನ ಆಗು ತಾಯಿ, ಮತ್ತ ಈ ಮನಿಗೆ ಬರಬ್ಯಾಡ ಅಂತ ಕೇಳ್ಕೊಂಡು ಬಾ. ಮನಸ್ಸು ಕೊಟ್ಟು ಕೇಳ್ಕೊ. ನೀ ನಂಬೂದಿಲ್ಲ ಅಂತ ನಂಗ ಗೊತ್ತೈತಿ. ನನ್ನ ಸಲುವಾಗಿ."

ದುರ್ಗವ್ವನ ಗುಡಿ ಓಣಿಯ ತಿರುವಿನಲ್ಲೇ ಇದೆ. ಸಣ್ಣದು, ಒಳಗೆ ನಾಲ್ಕು ಜನ ನಿಂತರೆ ತುಂಬಿತು. ಕಾಲೇಜಿಗೆ ಹೋಗುವಾಗ ಚಪ್ಪಲಿ ಬಿಡದೆ ದಾಟಿಹೋದವಳು ನಾನು. ಅವತ್ತು ಕೊಡೆ ಹೊರಗಿಟ್ಟು ಒಳಗೆ ಹೋದೆ. ನನ್ನ ಮುಂದೆ ಒಬ್ಬಳು ತಾಯಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು. ಮಗುವಿನ ಮುಖದ ಮೇಲೆ ಇನ್ನೂ ಕಲೆಗಳಿದ್ದವು. "ಹೋಗವ್ವ ತಾಯಿ, ತಣ್ಣಗ ಹೋಗು" ಅಂತ ಅವಳು ಬೇಡಿಕೊಳ್ಳುವುದು ನನಗೆ ಕೇಳುತ್ತಿತ್ತು. ಅವಳು ಸರಿದ ಮೇಲೆ ನಾನು ಉಡಿ ತುಂಬಿದೆ. ಅಕ್ಕಿ ಚೆಲ್ಲಿತು. ಪೂಜಾರವ್ವ ಬಳಿದು ಹಾಕಿದಳು.

ಕೈ ಮುಗಿದು ನಿಂತೆ. ಕಾಕು ಹೇಳಿಕೊಟ್ಟ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. ಬಾ ಅಂದೆ. ಅವರ ಹಣೆಯ ಮೇಲೆ ಬಾ, ಮೂಗಿನ ಮೇಲೆ ಬಾ, ಎದೆ ತುಂಬ ಏಳು, ಎಷ್ಟು ಉರಿಸಿದರೂ ಉರಿಸು, ಒಂದು ಸಲ ಬಾ ತಾಯಿ ಅಂದೆ. ಓದಿದ್ದೆಲ್ಲ ಹೊರಗೆ ಕೊಡೆಯ ಜೊತೆಗೇ ಇತ್ತು. ಪೂಜಾರವ್ವ ಹಣೆಗೆ ಅರಿಶಿನದ ಭಂಡಾರ ಹಚ್ಚಿದ್ದೂ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಕಾಕು ಕಾಕಾನ ಗಡ್ಡ ಮಾಡಿಸಿ ಮುಖ ತೊಳೆದು ಒರೆಸುತ್ತಿದ್ದಳು.

"ಕೇಳ್ಕೊಂಡ್ಯಾ?"

"ಕೇಳ್ಕೊಂಡೆ."

"ಮನಸ್ಸು ಕೊಟ್ಟು?"

"ಹೌದ್ರಿ ಕಾಕು. ಮನಸ್ಸು ಕೊಟ್ಟು."

ಅವಳು ತೃಪ್ತಿಯಿಂದ ಕಾಕಾನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ, ನನ್ನ ಕಡೆಗೆ ತಿರುಗಿಸಿದಳು. "ನೋಡು, ಹೆಂಗ ಸ್ವಚ್ಛ ಆಗೇತಿ" ಅಂದಳು. "ಒಂದು ಗುಳ್ಳಿ ಇಲ್ಲ."